ಸೊನ್ನೆ ಅಕ್ಕನ ಚಿಮುಟ

ನಮ್ಮ ಲ್ಯಾಬಿನಲ್ಲಿ ಸದ್ದು ಮಾಡುವುದು ಗಾಳಿ ಹೀರುವ ಪಂಪು ಒಂದೇ. ಒಂದು ವರ್ಷದಿಂದ ಅದಕ್ಕೇ ಗುಡ್ ಮಾರ್ನಿಂಗ್ ಹೇಳಿ, ಅದಕ್ಕೇ ಬೈದುಕೊಂಡು ದಿನ ದೂಡುತ್ತಿದ್ದೇನೆ. ಗೈಡ್ ತಿಂಗಳಿಗೊಮ್ಮೆ ತಲೆ ಹಾಕಿ "ಗ್ರಾಫ್ ಎಲ್ಲಿ?" ಎನ್ನುತ್ತಾರೆ, ಅಷ್ಟೆ.

ಮುಂಚೆ ಸೊನ್ನೆ ಅಕ್ಕ ಇದ್ದಳು, ನನಗಿಂತ ನಾಲ್ಕು ವರ್ಷ ಸೀನಿಯರ್. ಪುಟ್ಟ ಹರಳಿನ ತುಣುಕುಗಳ ಮೇಲೆ ನಿಕಲ್ ಆಕ್ಸೈಡಿನ ತೆಳುಪದರ ಬೆಳೆಸುವುದು ನಮ್ಮ ಕೆಲಸ. ಅದಕ್ಕೆ ಸ್ಟ್ರಾನ್ಷಿಯಂ ಬೆರೆಸಿದರೆ ನಿಕಲ್‌ನ ಎಲೆಕ್ಟ್ರಾನುಗಳು ಕಡಿಮೆಯಾಗುತ್ತವೆ. ಹದ ಸರಿಯಾಗಿ ಬಿದ್ದರೆ, ಕಡುಚಳಿಯಲ್ಲಿ ವಿದ್ಯುತ್ತು ತಡೆಯೇ ಇಲ್ಲದೆ ಹರಿಯುತ್ತದೆ. ಆಗ ಪದರ ಅಯಸ್ಕಾಂತದಂತೆ ವರ್ತಿಸುತ್ತದೋ ಇಲ್ಲವೋ ಎಂಬುದೇ ನಮ್ಮ ಪ್ರಶ್ನೆ. ಅಕ್ಕ ಅಳೆದಾಗೆಲ್ಲ ಸೊನ್ನೆ ಬರುತ್ತಿತ್ತು. ಆ ಹೆಸರಿಟ್ಟವಳು ನಾನೇ. ನನ್ನ ಎಂಟು ತುಣುಕುಗಳಲ್ಲಿ ಮಾತ್ರ ಕಾಂತತ್ವ ಎದ್ದು ಕಾಣುತ್ತಿತ್ತು, ಸ್ಟ್ರಾನ್ಷಿಯಂ ಎಷ್ಟೇ ಬೆರೆಸಿದರೂ ಜಗ್ಗುತ್ತಿರಲಿಲ್ಲ. ಗೈಡ್ ನನ್ನನ್ನು ನಂಬಿದರು. ಅಕ್ಕನ ಪೇಪರ್ ಮೂಲೆ ಸೇರಿತು. ಅವಳು ಜಗಳವಾಡಲಿಲ್ಲ, ತನ್ನ ಪ್ಲಾಸ್ಟಿಕ್ ಚಿಮುಟವನ್ನು ನನ್ನ ಮೇಜಿನ ಮೇಲಿಟ್ಟು ಹೋಗಿ, ತಂತಿ ಕಾರ್ಖಾನೆಯೊಂದಕ್ಕೆ ಸೇರಿಕೊಂಡಳು. ಅದರಲ್ಲಿ ಹಿಡಿದರೆ ತುಣುಕು ಜಾರುತ್ತದೆಂದು ನಾನು ಅದನ್ನು ಡ್ರಾಯರಿಗೆ ಎಸೆದು, ನನ್ನ ಸ್ಟೀಲ್ ಚಿಮುಟವನ್ನೇ ಬಳಸಿದೆ.

ಸೋಮವಾರ ಆ ಎಂಟರಲ್ಲೊಂದು ತುಣುಕು ಕೈತಪ್ಪಿ ಬಿತ್ತು. ರವೆಯಷ್ಟು ಮೂಲೆ ಮುರಿಯಿತು. ಹಾಳಾಗಿ ಹೋಗಲಿ ಎಂದು ಉಳಿದದ್ದನ್ನೇ ಅಳೆಯಲು ಇಟ್ಟೆ. ಮಂಗಳವಾರ ಬಂದು ನೋಡಿದರೆ ಸೊನ್ನೆ. ಆ ರವೆಯನ್ನೂ ಅಳೆಯಲು ಇಟ್ಟೆ. ಬುಧವಾರ ನೋಡಿದರೆ ಇಡೀ ಕಾಂತತ್ವ ಅದರಲ್ಲೇ ಕೂತಿತ್ತು. ನಾನು ಯಾವಾಗಲೂ ಚಿಮುಟದಲ್ಲಿ ಹಿಡಿಯುವ ಮೂಲೆ ಅದು. ಉಕ್ಕು ಗೀರಿ ಅಂಟಿದ ಕಬ್ಬಿಣವನ್ನು ನಾನು ನಿಕಲ್‌ನ ಗುಣವೆಂದು ಡಂಗುರ ಹೊಡೆದಿದ್ದೆ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗದು; ನನ್ನ ಡಿಗ್ರಿ ನಿಂತಿರುವುದೇ ಆ ಗ್ರಾಫಿನ ಮೇಲೆ. ಆದರೆ ಅಳು ಬಂದದ್ದು ಅದಕ್ಕಲ್ಲ. ಇದನ್ನು ಹೇಳಿಕೊಳ್ಳಲು ಪಂಪು ಬಿಟ್ಟರೆ ನನಗೆ ಯಾರೂ ಇರಲಿಲ್ಲ. ಇದ್ದ ಒಬ್ಬಳನ್ನು ನಾನೇ ಓಡಿಸಿದ್ದೆ.

ಊಟದ ಹೊತ್ತಿಗೆ ಫೋನ್ ಮಾಡಿದೆ.

"ಅಕ್ಕಾ, ನಿನ್ ಸೊನ್ನೆನೇ ಸರಿ. ನಂದು ಬರೀ ಚಿಮುಟದ ಕಬ್ಬಿಣ."

ಆ ಕಡೆ ಯಂತ್ರಗಳ ಗದ್ದಲ. ಫೋನ್ ಇಟ್ಟುಬಿಡುತ್ತಾಳೆ ಎಂದುಕೊಂಡೆ.

"ಸಾರ್‌ಗೆ ಹೇಳಿದ್ಯಾ?"

"ಮೊದ್ಲು ನಿಂಗೇ. ಸಂಜೆ ಅವ್ರಿಗೂ ಹೇಳ್ತೀನಿ."

"ಒಂದೇ ತುಣುಕು ನೋಡಿ ಕುಣೀಬೇಡ. ಆವಾಗ್ಲೂ ಹಂಗೇ ಮಾಡ್ದೆ." ದನಿಯಲ್ಲಿ ಸಿಟ್ಟಿತ್ತು. ಇರಬೇಕಾದದ್ದೇ. "ಇನ್ನೂ ಏಳಿದಾವಲ್ಲ? ಮೂಲೆ ಮುರಿದು ಒಂದೊಂದೇ ಅಳೆದು ನೋಡು. ಸೊನ್ನೆ ಬಂದ್ರೆ ಫೋನ್ ಮಾಡು."

"ಬರ್ದಿದ್ರೆ?"

"ಆವಾಗ್ಲೂ ಮಾಡೇ, ಪೆದ್ದಿ."

ಒಂದೊಂದು ತುಣುಕಿಗೆ ಒಂದು ದಿನ ಬೇಕು. ಡ್ರಾಯರಿನಿಂದ ಪ್ಲಾಸ್ಟಿಕ್ ಚಿಮುಟ ತೆಗೆದು ಎರಡನೆಯದನ್ನು ಹಿಡಿದೆ. ಜಾರಿತು. ಮತ್ತೆ ಹಿಡಿದೆ.