ನೊಣದ ಬಾಯಿ ನೋಡಿ ಮೋಸಹೋದ ಧೋಂಡಪ್ಪ

ಮಿರಜಿನಲ್ಲಿ ಇನ್ನೂ ಸಂಸ್ಥಾನಿಕರ ಆಳ್ವಿಕೆ ಇದ್ದ ಕಾಲ. ಅಲ್ಲೇ ಹತ್ತಿರದ ಹಳ್ಳಿ ಖಂಡೇರಾಜುರಿಯ ಕುರುಬರ ಧೋಂಡಪ್ಪನಿಗೆ ಇಡೀ ಕುರಿಹಿಂಡಿನ ಚಿಂತೆಗಿಂತ ಒಂದೇ ಒಂದು ಆಡಿನ ಚಿಂತೆ ಹೆಚ್ಚಾಗಿತ್ತು. ಆಡಿನ ಹೆಸರು ಚಂದ್ರಿ. ಬಾಣಂತಿ ಸೊಸೆ ಮಾಳವ್ವನಿಗೆ ಜ್ವರ ಬಂದು ಎದೆಹಾಲು ಬತ್ತಿತ್ತು. ಮೊಮ್ಮಗನ ಹೊಟ್ಟೆ ತುಂಬುತ್ತಿದ್ದದ್ದು ಚಂದ್ರಿಯ ಹಾಲಿನಿಂದ. ಅಂಥ ಚಂದ್ರಿಯ ತೊಡೆಗೆ ತೋಳ ಬಾಯಿ ಹಾಕಿತ್ತು.

ಧೋಂಡಪ್ಪ ಬೀರದೇವರ ಭಂಡಾರವನ್ನು, ಅಂದರೆ ದೇವರ ಅರಿಶಿನವನ್ನು, ಗಾಯದ ತುಂಬ ಮೆತ್ತಿದ. ಅದು ತಾನಾಗಿ ಉದುರುವ ತನಕ ಒರೆಸಬಾರದು ಎಂಬುದು ಅವನ ಹಿರಿಯರ ಕಟ್ಟಳೆ. ಮೇಲೆ ನೊಣ ಮುತ್ತಿದರೂ ಓಡಿಸಲಿಲ್ಲ. ಪಾಪ, ಕೀವು ನೆಕ್ಕಿ ಹೋಗುತ್ತವೆ, ಹಲ್ಲಿಲ್ಲದ ಬಾಯಿ ಏನು ಕಚ್ಚೀತು ಎಂದುಕೊಂಡ. ಎಂಥಾ ಶಾಣ್ಯಾ ನೋಡಿ! ನಾಲ್ಕಾರು ದಿನದಲ್ಲಿ ಚಂದ್ರಿ ಮೇವು ಬಿಟ್ಟಿತು. ಹಾಲು ಕಡಿಮೆಯಾಯಿತು. ಕೂಸು ಹಸಿದು ಅಳತೊಡಗಿತು.

ಅವನ ಪುಣ್ಯಕ್ಕೆ ಅವತ್ತು ಅಕ್ಕ ಕೃಷ್ಣವ್ವ ಕೂಸು ನೋಡಲು ಬಂದಳು. ಮಿರಜಿನ ದವಾಖಾನೆಯಲ್ಲಿ ಗಾಯ ಕಟ್ಟುವ ಕೆಲಸ ಅವಳದು. ತೊಟ್ಟಿಲಿಗಿಂತ ಮೊದಲು ಹಟ್ಟಿಯ ನಾತ ಅವಳ ಮೂಗಿಗೆ ಬಡಿಯಿತು. ಭಂಡಾರ ತೊಳೆಯಬೇಕು, ನೊಣ ಓಡಿಸಬೇಕು ಎಂದಳು. ಧೋಂಡಪ್ಪ ಅಡ್ಡ ನಿಂತ. ದೇವರು ಮುನಿದರೆ ಯಾರು ಹೊಣೆ, ನೊಣಕ್ಕೆ ಯಾಕೆ ಹೆದರಬೇಕು ಎಂದು ಎಗರಾಡಿದ. ಕುರಿ ಕಾದು ಕಾದು ಇವನ ಹಟವೂ ಟಗರಿನದೇ ಆಗಿತ್ತು.

ಕೃಷ್ಣವ್ವ ಅವನ ರಟ್ಟೆ ಹಿಡಿದು ಗಾಯದ ಪಕ್ಕ ಕೂಡಿಸಿದಳು.

"ನೊಣದ ಬಾಯಿ ಏನ್ ನೋಡ್ತಿ ತಮ್ಮಾ, ಅದರ ಹೊಟ್ಟಿ ತುದಿ ನೋಡು."

ನೀಲಿ ನೊಣವೊಂದು ಗಾಯದಂಚಿಗೆ ಕೂತಿತ್ತು. ಅದರ ಹೊಟ್ಟೆ ಬಳೆ ಜೋಡಿಸಿದ ಹಾಗೆ ಉಂಗುರ ಉಂಗುರವಾಗಿತ್ತು. ನೋಡನೋಡುತ್ತ ತುದಿಯ ಉಂಗುರಗಳು ಒಂದರೊಳಗಿಂದ ಒಂದು ಚಾಚಿಕೊಂಡು ಕೊಳವೆಯಾದವು. ಕೊಳವೆ ಭಂಡಾರದ ಬಿರುಕಿಗೆ ಇಳಿಯಿತು. ನೊಣ ಎದ್ದಾಗ ಅಲ್ಲಿ ಬಿಳಿ ತತ್ತಿಗಳ ಗುಪ್ಪೆ ಉಳಿದಿತ್ತು.

ಅಕ್ಕ ತಿಳಿಸಿ ಹೇಳಿದಳು. ತಿಂದದ್ದು ಅರಗುವುದೂ ಆ ಹೊಟ್ಟೆಯಲ್ಲೇ, ತತ್ತಿ ಬೆಳೆಯುವುದೂ ಅಲ್ಲೇ. ಗಂಡಿನ ಜೊತೆ ಕೂಡಿದ ಹೆಣ್ಣು ನೊಣ ಅದರ ಬೀಜವನ್ನೂ ಅಲ್ಲೇ ಕಾಪಿಟ್ಟುಕೊಳ್ಳುತ್ತದೆ. ತತ್ತಿ ಒಂದು ದಿನದಲ್ಲೇ ಒಡೆದು ಹುಳವಾಗುತ್ತದೆ. ಹುಳ ತಲೆಯನ್ನು ಮಾಂಸದಲ್ಲಿ ಹುಗಿದು ಹಿಂಭಾಗ ಹೊರಗಿಡುತ್ತದೆ, ಯಾಕೆಂದರೆ ಅದರ ಉಸಿರಿನ ತೂತು ಇರುವುದು ಹಿಂದೆ.

"ಎಣ್ಣಿ ಹಾಕಿದ್ರ ಉಸಿರು ಕಟ್ಟಿ ಹೊರಗ ಬರ್ತಾವ. ಗಾಯದಾಗ ಹುಳಾ ಸಾಕು ಅಂತ ದೇವರು ಹೇಳ್ಯಾನೇನು?"

ತೊಟ್ಟಿಲಲ್ಲಿ ಕೂಸು ಮತ್ತೆ ಚೀರಿತು. ಧೋಂಡಪ್ಪ ದೇವರ ಕಡೆ ತಿರುಗಿ ಕೈಮುಗಿದ. ಆಮೇಲೆ ತಾನೇ ಬಿಸಿನೀರು ತಂದ. ಉಪ್ಪುನೀರಿನಲ್ಲಿ ತೊಳೆದು ಬೇವಿನ ಎಣ್ಣೆ ಸುರಿದರು. ಹುಳ ಬುಳುಬುಳು ಮೇಲೆದ್ದವು. ಚಿಮಟಿಗೆಯಿಂದ ಹೆಕ್ಕಿ ಬೆಂಕಿಗೆ ಹಾಕಿ, ಗಾಯಕ್ಕೆ ಶುದ್ಧ ಬಟ್ಟೆ ಕಟ್ಟಿದರು. ಗಾಯ ಮಾಯುವ ತನಕ ದಿನಾ ಇದೇ ಆರೈಕೆ.

ಚಂದ್ರಿ ಮೇವಿಗೆ ಬಾಯಿ ಹಾಕಿತು. ಕೆಚ್ಚಲು ತುಂಬಿತು. ಅಕ್ಕ ಹೊರಡುವ ದಿನ ಧೋಂಡಪ್ಪ ತನ್ನ ಹೊಸ ಕಂಬಳಿಯನ್ನು ಅವಳಿಗೆ ಹೊದಿಸಿದ. ಭಂಡಾರ ತೆಗೆದು ಅವಳ ಹಣೆಗೆ ಹಚ್ಚುವಾಗ ಅವನ ಕಣ್ಣು ತುಂಬಿತ್ತು.

"ಇನ್ನ ಮ್ಯಾಲೆ ಭಂಡಾರ ಹಣಿಗೆ, ಎಣ್ಣಿ ಗಾಯಕ್ಕ. ನನ್ನ ಮೊಮ್ಮಗನ ಹಾಲು ಉಳಿಸಿದಿ ಅಕ್ಕಾ, ನಿನ್ನ ಉಪಕಾರ ಸಾಯೂತನಕಾ ಮರಿಯೂದಿಲ್ಲ."

ದನ, ಕುರಿ, ಆಡು ಸಾಕಿದ ಅಣ್ಣಗಳಿರಾ, ಅಕ್ಕಗಳಿರಾ, ನಿಮ್ಮ ಹಟ್ಟಿಯಲ್ಲೂ ಒಂದು ಚಂದ್ರಿ ಇದ್ದೀತು. ಗಾಯ ಕಂಡ ದಿನವೇ ತೊಳೆಯಿರಿ, ಎಣ್ಣೆ ಹಚ್ಚಿರಿ, ಬಟ್ಟೆ ಕಟ್ಟಿರಿ. ನೊಣ ಕೂತರೆ ನೆಕ್ಕಲಿ ಬಿಡು ಅನ್ನಬೇಡಿ. ಬಾಯಿ ನೆಕ್ಕುತ್ತಿರುವಾಗ ಹೊಟ್ಟೆ ಹುಳ ಬಿತ್ತುತ್ತಿರುತ್ತದೆ. ಇವತ್ತೇ ಓಡಿಸಿ, ನಿಮ್ಮ ಕೂಸಿನ ಹಾಲು ಉಳಿಸಿಕೊಳ್ಳಿ.