ಪುವಾಳ ಸೊಟ್ಟ ಸಾಲು

ಮಟಲೇನಾ ಅಜ್ಜಿ ಚಾಪೆ ಹೆಣೆಯಲು ಕೂತರೆ ಯಾರೂ ಅಡ್ಡ ಬರಬಾರದು. ಅದರಲ್ಲೂ ಈಗ, ಊರ ಹೆಂಗಸರ ಸಮಿತಿಯವರು ಮನೆಮನೆಗೆ ಬಂದು ಚಾಪೆ ನೋಡುವ ದಿನ ಹತ್ತಿರ ಬಂದಿತ್ತು. ಸವಾಯಿ ದ್ವೀಪದ ಆ ಊರಲ್ಲಿ ಚಾಪೆ ಸೊಟ್ಟಗಿದ್ದರೆ ಹೆಣೆದವಳ ಮಾನ ಹೋದ ಹಾಗೇ. ಈ ಅಜ್ಜಿಯಂತೂ ಹೇಳಿ ಕೇಳಿ ಊರಿಗೇ ಒಳ್ಳೆಯ ಕೈ ಎನಿಸಿಕೊಂಡವಳು.

ಆದರೆ ಮೊಮ್ಮಗಳು ಪುವಾ ಕೇಳಬೇಕಲ್ಲ. ಇನ್ನೂ ಮೂರು ತುಂಬದ ಮಗು. ಅಜ್ಜಿ ಕೂತ ಕೂಡಲೇ ಪಕ್ಕಕ್ಕೆ ಬಂದು ಕುಕ್ಕರಿಸುತ್ತಿತ್ತು. ಎಲೆ ಉಜ್ಜುವ ಚಿಪ್ಪು ಕೈಜಾರಿದರೆ ಯಾರೂ ಹೇಳದೆ ಓಡಿ ಎತ್ತಿಕೊಡುತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಕೇದಗೆ ಎಲೆಯ ಸೀಳು ಹಿಡಿದು ತಾನೂ ಹೆಣಿಗೆಯೊಳಗೆ ತುರುಕುತ್ತಿತ್ತು, ಸಾಲೆಲ್ಲ ಎಕ್ಕುಟ್ಟಿ ಹೋಗುತ್ತಿತ್ತು. ಅಜ್ಜಿ ಬಿಚ್ಚಬೇಕು, ಮತ್ತೆ ಹೆಣೆಯಬೇಕು.

ಆಚೆ ಹೋಗು, ಇದು ದೊಡ್ಡವರ ಕೆಲಸ ಅಂತ ಮೊದಮೊದಲು ಮೆತ್ತಗೆ ಹೇಳಿದಳು, ಆಮೇಲೆ ಗದರಿದಳು. ಒಂದು ದಿನ ಪುಟ್ಟ ಕೈಮೇಲೆ ಚಟ್ಟನೆ ಒಂದು ಕೊಟ್ಟೇಬಿಟ್ಟಳು. ಮಗು ಅಳಲಿಲ್ಲ. ಎದ್ದು ಹೋಗಿ ಕಂಬಕ್ಕೆ ಒರಗಿ ಕೂತಿತು. ಮರುದಿನದಿಂದ ಅದರ ಜಾಗ ಅದೇ ಆಯಿತು. ಅಜ್ಜಿಗೆ ಸಲೀಸಾಯಿತು, ಚಾಪೆ ಸರಸರನೆ ಬೆಳೆಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಚಿಪ್ಪು ಕೈಜಾರಿ ಉರುಳುತ್ತ ಹೋಗಿ ಪುವಾಳ ಕಾಲ ಬುಡದಲ್ಲೇ ನಿಂತಿತು. ಮಗು ಚಿಪ್ಪನ್ನು ನೋಡಿತು, ಅಜ್ಜಿಯನ್ನು ನೋಡಿತು, ಸುಮ್ಮನೆ ಕೂತಿತು. ಮಂಡಿನೋವಿನ ಅಜ್ಜಿ ಉಸ್ಸಪ್ಪಾ ಎಂದು ತಾನೇ ಎದ್ದು ಹೋಗಿ ತಂದಳು. 

ಸಂಜೆ ಸೆಲೇಪಾ ಬಂದಳು. ಮಕ್ಕಳ ತೂಕ, ಚುಚ್ಚುಮದ್ದು, ಆರೈಕೆ ಅಂತ ಊರ ತಾಯಂದಿರಿಗೆ ತಿಳಿಹೇಳುವ ಸಮಿತಿಯ ಹೆಂಗಸು, ಮಟಲೇನಾಗೆ ಸ್ವಂತ ತಂಗಿಯ ಹಾಗೆ. ಅಜ್ಜಿ ಅವಳ ಮುಂದೆ ದೂರು ತೋಡಿಕೊಂಡಳು. ಮಗು ಸೋಮಾರಿಯಾಗಿದೆ, ಇರಲಿ, ಏಳೆಂಟು ವರ್ಷವಾದ ಮೇಲೆ ಮಿಠಾಯಿ ತೋರಿಸಿ ಕೆಲಸ ಕಲಿಸಿದರಾಯಿತು ಅಂದಳು.

"ಸೋಮಾರಿಯಲ್ಲ ಅಕ್ಕ. ನೀನು ಕಲಿಸಿದ್ದನ್ನೇ ಕಲಿತಿದೆ. ಬರಬೇಡ ಅಂದೆ, ಬರೋದು ಬಿಟ್ಟಿತು."

"ಅಷ್ಟು ಚಿಕ್ಕದಕ್ಕೆ ಸಹಾಯ ಅಂದ್ರೆ ಏನು ಗೊತ್ತೇ? ಅದಕ್ಕೆ ಎಲ್ಲಾ ಆಟ."

ಸೆಲೇಪಾ ನಕ್ಕಳು. ಎಳೆಯ ಮಕ್ಕಳಿಗೆ ಆಟ ಬೇರೆ, ಕೆಲಸ ಬೇರೆ ಅಲ್ಲ ಅಂದಳು. ನಡೆಯಲು ಕಲಿತ ಸ್ವಲ್ಪ ದಿನಕ್ಕೇ, ಇನ್ನೊಬ್ಬರ ಕೈಜಾರಿದ್ದನ್ನು ಮಕ್ಕಳು ತಾವಾಗಿ ಎತ್ತಿಕೊಡುತ್ತವೆ, ಮಿಠಾಯಿಯ ಆಸೆಗಲ್ಲ. ಮಿಠಾಯಿ ತೋರಿಸಿದರೆ ಕಣ್ಣು ಮಿಠಾಯಿಯ ಮೇಲೇ ಹೋಗುತ್ತದೆ. ಬೇರೆ ಮಗುವಿನ ಕೂದಲು ಎಳೆದಾಗ ಹೊಡೆಯುವ ಬದಲು, ನೋಡು, ಅವನಿಗೆ ನೋವಾಗಿದೆ ಅಂತ ಆ ಅಳುವ ಮುಖ ತೋರಿಸಬೇಕು. ಸರಿತಪ್ಪು ತಿಳಿಯುವುದು ಹಾಗೆ. ಇಷ್ಟು ಹೇಳಿ ಕೇಳಿದಳು: "ಅದೆಲ್ಲ ಇರಲಿ, ನಿನಗೆ ಹೆಣಿಗೆ ಕಲಿಸಿದ್ದು ಯಾರಕ್ಕ?"

ಮಟಲೇನಾ ಎದ್ದು ಹಾಸಿಗೆಯಡಿಯಿಂದ ಹಳೆಯ ಚಾಪೆಯೊಂದನ್ನು ಎಳೆದು ಹಾಸಿದಳು. ಅವಳ ಅಜ್ಜಿ ಹೆಣೆದದ್ದು. ಒಣಗಿದ ಕೇದಗೆಯ ವಾಸನೆ, ತೆಂಗಿನೆಣ್ಣೆಯ ವಾಸನೆ, ಆ ಕಾಲವೇ ಎದ್ದು ಬಂದ ಹಾಗಾಯಿತು. ಬೆರಳು ತಾನಾಗಿ ಒಂದು ಮೂಲೆಗೆ ಹೋಯಿತು. ಅಲ್ಲೊಂದು ಸೊಟ್ಟ ಸಾಲು. ಚಿಕ್ಕವಳಿದ್ದಾಗ ಮಧ್ಯಾಹ್ನ ಅಜ್ಜಿಯ ಪಕ್ಕ ಮಲಗಿ, ಹೊರಗೆ ಮಳೆ ಸುರಿಯುತ್ತಿದ್ದರೆ, ಆ ಸಾಲಿನ ಮೇಲೇ ಬೆರಳಾಡಿಸುತ್ತ ನಿದ್ದೆ ಹೋಗುತ್ತಿದ್ದಳು. ಆ ಅಜ್ಜಿ ಅದನ್ನು ಬಿಚ್ಚಿರಲಿಲ್ಲ. ಬಂದವರಿಗೆಲ್ಲ, ಇದು ನಮ್ಮ ಮಟಲೇನಾ ಹೆಣೆದ ಸಾಲು ಅಂತ ತೋರಿಸುತ್ತಿದ್ದಳು. ಆಗ ಎಷ್ಟು ಉಬ್ಬಿಹೋಗುತ್ತಿದ್ದಳು ಇವಳು! ಆ ದಿನಗಳು ಎಲ್ಲಿ ಹೋದವೋ. ಮಟಲೇನಾಗೆ ಅಳು ತಡೆಯಲಾಗಲಿಲ್ಲ.

ಮರುದಿನ ಕರೆದರೆ ಪುವಾ ಬರಲಿಲ್ಲ. ಅಜ್ಜಿ ಬಲವಂತ ಮಾಡಲಿಲ್ಲ. ಚಾಪೆಯ ಒಂದು ಮೂಲೆಯನ್ನು ಹೆಣೆಯದೆ ಉಳಿಸಿ, ಪಕ್ಕದಲ್ಲಿ ನಾಲ್ಕು ಸೀಳು ಇಟ್ಟುಕೊಂಡು ಕಾದಳು. ದಿನಗಳು ಹೋದವು. ಕೊನೆಗೊಮ್ಮೆ ಕಂಬದ ಕಡೆ ತಿರುಗಿ ಅಂದಳು:

"ನಿನ್ನ ಕೈಗೆ ಹೊಡೆದೆನಲ್ಲ ಪುಟ್ಟಿ, ನೋವಾಯ್ತು ಅಲ್ವಾ? ತಪ್ಪು ಅಜ್ಜಿದೇ."

 ಸ್ವಲ್ಪ ಹೊತ್ತಿಗೆ ಚಿಪ್ಪು ಮತ್ತೆ ಕೈಜಾರಿ ಉರುಳಿತು. ಅಜ್ಜಿ ಏಳಲು ನೆಲಕ್ಕೆ ಕೈಯೂರಿದಳು. ಅಷ್ಟರಲ್ಲಿ ಪುಟ್ಟ ಹೆಜ್ಜೆಯ ಸದ್ದು. ಕೂತ ಹಿರಿಯರ ಮುಂದೆ ದೊಡ್ಡವರು ಹಾಯುತ್ತಾರಲ್ಲ, ಹಾಗೇ ಬೆನ್ನು ಬಗ್ಗಿಸಿ, "ತುಲೌ" ಎಂದು ತೊದಲಿ ಅಪ್ಪಣೆ ಕೇಳುತ್ತ ಮಗು ಅಜ್ಜಿಯ ಮುಂದೆ ಹಾದು ಬಂದು ಚಿಪ್ಪನ್ನು ಕೈಗಿಟ್ಟಿತು. ಹಾಗೆ ಬಗ್ಗಿ ಹಾಯುವುದನ್ನು ಯಾರೂ ಕೂರಿಸಿ ಕಲಿಸಿರಲಿಲ್ಲ. ಕಂಬದ ಬಳಿ ಕೂತು ನೋಡಿ ಕಲಿತಿತ್ತು. ಆಮೇಲೆ ಒಂದು ಸೀಳು ಎತ್ತಿಕೊಂಡು ಮೂಲೆಗೆ ತುರುಕಿತು. ಅಜ್ಜಿ ಬಿಚ್ಚಲಿಲ್ಲ.

ಸಮಿತಿಯವರು ಬಂದ ದಿನ ಹಿರಿಯ ಹೆಂಗಸಿನ ಬೆರಳು ಆ ಮೂಲೆಯಲ್ಲೇ ನಿಂತಿತು. ಹುಬ್ಬು ಮೇಲಕ್ಕೆ ಹೋಯಿತು. ಮಟಲೇನಾ ತಲೆ ತಗ್ಗಿಸಲಿಲ್ಲ.

"ಇದು ನಮ್ಮ ಪುವಾ ಹೆಣೆದ ಸಾಲು."

ತಾಯಂದಿರೇ, ಅಜ್ಜಿ ತಾತಂದಿರೇ, ನಿಮ್ಮ ಮನೆಯ ಕೂಸೂ ಪೊರಕೆ ಎಳೆದುಕೊಂಡು ಬರುತ್ತದೆ, ಹಿಟ್ಟಿಗೆ ಕೈ ಹಾಕುತ್ತದೆ, ತುಂಬಿದ ಚೆಂಬು ಹಿಡಿದು ನೀರು ಚೆಲ್ಲುತ್ತದೆ. ಕೆಲಸ ಕೊಂಚ ಕೆಡಲಿ, ಪರವಾಗಿಲ್ಲ. ಆಚೆ ಹೋಗು ಅನ್ನಬೇಡಿ. ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಕೊಡಿ.