ಕತ್ತರಿ ಮೊದಲು, ಪೊರಕೆ ಆಮೇಲೆ

ಅಕ್ಕನಿಗೆ ಡಿಗ್ರಿ ಇರಲಿಲ್ಲ. ಇದ್ದದ್ದು ಒಂದು ಪರ್ಮಿಷನ್.

ಔಷಧಿ ಕಂಪನಿಯೊಂದರ ಗೋದಾಮಿನಲ್ಲಿ ಲಾರಿ ಕಳಿಸುವುದು ಅವಳ ಕೆಲಸ. ಅಲ್ಲಿಗೆ ಬಂದ ಔಷಧಿಯೆಲ್ಲ ಮೊದಲು ಕಂಪ್ಯೂಟರಿನಲ್ಲಿ ತಡೆಯಲ್ಲಿರುತ್ತದೆ. ಪರೀಕ್ಷೆಯ ವರದಿ ಬಂದ ಮೇಲೆ ಯಾರಾದರೂ ಆ ತಡೆ ತೆಗೆಯಬೇಕು. ತೆಗೆಯುವವರೆಗೆ ಒಂದು ಡಬ್ಬವೂ ಗೇಟು ದಾಟುವಂತಿಲ್ಲ. ತಡೆ ತೆಗೆಯುವ ಪರ್ಮಿಷನ್ ಇದ್ದದ್ದು ಮೂವರಿಗೆ. ಇಬ್ಬರು ಅದನ್ನೇ ಓದಿ ಬಂದವರು. ಮೂರನೆಯವಳು ಅಕ್ಕ. ಬಹಳ ಹಿಂದೆ ಒಂದು ಸಂಜೆ ಆ ಇಬ್ಬರೂ ರಜೆಯಲ್ಲಿದ್ದರು, ಲಾರಿ ನಿಂತಿತ್ತು, ಆಸ್ಪತ್ರೆಯವರು ಫೋನಿನ ಮೇಲೆ ಫೋನ್ ಮಾಡುತ್ತಿದ್ದರು. ಹೆಡ್ಡಾಫೀಸಿನಲ್ಲಿ ಎಲ್ಲರ ಕಂಪ್ಯೂಟರ್ ಖಾತೆಗಳನ್ನು ನೋಡಿಕೊಳ್ಳುತ್ತಿದ್ದ ಮೇಷ್ಟ್ರು ಅಕ್ಕನ ಖಾತೆಗೂ ಆ ಪರ್ಮಿಷನ್ ಸೇರಿಸಿ, "ನಾಳೆ ತೆಗೀತೀನಮ್ಮ" ಅಂದರು. ಆ ನಾಳೆ ಬರಲೇ ಇಲ್ಲ. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಮಾತು ಮಾತಿಗೂ ಪಾಠ ಹೇಳುತ್ತಿದ್ದರೆಂದು ಆ ಹೆಸರು ಬಿದ್ದಿತ್ತು.

ಅವರು ನಿವೃತ್ತರಾದ ಮೇಲೆ ಅವರ ಕುರ್ಚಿಗೆ ಬಂದವಳು ತಂಗಿ.

ಈಗ ಕಂಪನಿ ಗೋದಾಮನ್ನು ಮಾರಿತ್ತು. ಕೊಂಡವರ ಷರತ್ತು ನೇರವಾಗಿತ್ತು. ಡಿಗ್ರಿ ಇದ್ದವರು, ಇಲ್ಲವೇ ಹಸ್ತಾಂತರದ ಹೊತ್ತಿಗೆ ಖಾತೆಯಲ್ಲಿ ತಡೆ ತೆಗೆಯುವ ಪರ್ಮಿಷನ್ ಇದ್ದವರು ಆಫೀಸರುಗಳಾಗಿ ಮುಂದುವರಿಯುತ್ತಾರೆ. ಉಳಿದವರಿಗೆ ಪ್ಯಾಕಿಂಗ್ ವಿಭಾಗ, ಅದೂ ಗುತ್ತಿಗೆಯ ಮೇಲೆ.

ಹಸ್ತಾಂತರದ ಬೆಳಿಗ್ಗೆ ಅಕ್ಕ ಒಲೆಯ ಮುಂದೆ ನಿಂತು ಎರಡು ಡಬ್ಬಿ ಕಟ್ಟುತ್ತಿದ್ದಳು. ತಂಗಿ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ತಿರುಗುತ್ತಿದ್ದಳು. ಕೈಯಲ್ಲಿದ್ದ ಟೀ ಆರಿ ಕೆನೆ ಕಟ್ಟಿತ್ತು.

"ಏ ಗಿರಗಿಟ್ಲೆ, ಒಂದು ಕಡೆ ಕೂತ್ಕೊಳ್ಳೇ. ನೋಡಿ ನೋಡಿ ನಂಗೇ ತಲೆ ಸುತ್ತುತ್ತೆ."

"ಕೂತ್ರೆ ಇನ್ನೂ ಜಾಸ್ತಿಯಾಗುತ್ತೆ ಕಣಕ್ಕ."

"ನೀನು ಮಾಡ್ಬೇಕಾಗಿರೋದು ಏನು? ಇದ್ದದ್ದನ್ನ ಇದ್ದ ಹಾಗೆ ಬಿಡೋದು. ಅಷ್ಟೇ ತಾನೆ?"

"ಅದೇ ಕಷ್ಟ."

"ನಿಂಗೆ ಕಷ್ಟಾನೇ ಬಿಡು. ಹುಣ್ಣಿನ ಮೇಲಿನ ಹಕ್ಕಳೆ ಕೂಡ ತಾನಾಗೇ ಬೀಳೋಕೆ ಬಿಟ್ಟವಳಲ್ಲ ನೀನು."

ಅಕ್ಕ ಓದು ಬಿಟ್ಟು ಗೋದಾಮು ಸೇರಿದ್ದರಿಂದಲೇ ತಂಗಿ ಓದಿದ್ದು. ಆ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಜಗಳವಾದಾಗ ಅಕ್ಕ ಮಾತ್ರ ಆಡುತ್ತಿದ್ದಳು.

ತಂಗಿಯ ಕೆಲಸ ಅರ್ಥವಾಗದಂಥದ್ದೇನೂ ಅಲ್ಲ. ಕಂಪನಿಯ ಎಲ್ಲ ಶಾಖೆಗಳ ಖಾತೆಗಳೂ ಹೆಡ್ಡಾಫೀಸಿನ ಒಂದೇ ಕೇಂದ್ರದಿಂದ ನಡೆಯುತ್ತಿದ್ದವು. ಕೇಂದ್ರದಲ್ಲಿ ಹೆಸರು ಸೇರಿಸಿದರೆ ಶಾಖೆಯಲ್ಲೂ ಸೇರುತ್ತದೆ, ಅಳಿಸಿದರೆ ಅಲ್ಲೂ ಅಳಿಯುತ್ತದೆ. ಒಂದು ಶಾಖೆಯನ್ನು ಬೇರ್ಪಡಿಸುವಾಗ ಮೊದಲು ಆ ಸಂಪರ್ಕ ಕತ್ತರಿಸಬೇಕು. ಆಗ ಅಲ್ಲಿಯ ಖಾತೆಗಳು ಪರ್ಮಿಷನ್‌ಗಳ ಸಮೇತ ಅಲ್ಲೇ ಉಳಿಯುತ್ತವೆ. ಕೇಂದ್ರದಲ್ಲಿ ಬಿದ್ದಿರುವ ಹಳೆಯ ಹೆಸರುಗಳನ್ನು ಆಮೇಲೆ ನಿಧಾನವಾಗಿ ಗುಡಿಸಿ ಹಾಕಬಹುದು.

ಮೇಷ್ಟ್ರು ಹೇಳಿಕೊಟ್ಟಿದ್ದರು: "ಕತ್ತರಿ ಮೊದಲು, ಪೊರಕೆ ಆಮೇಲೆ. ಉಲ್ಟಾ ಮಾಡಿದ್ಯೋ, ಕಸದ ಜೊತೆ ಮನೇನೂ ಗುಡಿಸಿ ಹಾಕ್ತೀಯ."

ತಂಗಿಗೆ ಇದು ಬಾಯಿಪಾಠವಾಗಿತ್ತು. ಬರೀ ಬಾಯಿಪಾಠ ಸಾಲದೆಂದು ಕಂಪ್ಯೂಟರಿನಲ್ಲಿ ಪ್ರಯೋಗಕ್ಕೆಂದೇ ಇಟ್ಟಿದ್ದ ನಕಲು ಗೋದಾಮಿನ ಮೇಲೆ ವಾರವಿಡೀ ಅಭ್ಯಾಸ ಮಾಡಿದಳು. ತಪ್ಪು ಹುಟ್ಟಿದ್ದು ಅಲ್ಲೇ. ನಕಲಿನ ಸಂಪರ್ಕವನ್ನು ಮೊದಲ ದಿನವೇ ಕತ್ತರಿಸಿದ್ದಾಯಿತು. ಅದನ್ನು ಮತ್ತೆ ಜೋಡಿಸುವುದು ದೊಡ್ಡ ರಗಳೆ. ಹಾಗಾಗಿ ಮರುದಿನದಿಂದ ಅವಳ ಅಭ್ಯಾಸ ಪೊರಕೆಯಿಂದ, ಅಂದರೆ ಕೇಂದ್ರದ ಹೆಸರುಗಳಿಂದ ಗೋದಾಮನ್ನು ಅಳಿಸಿ ಸೇವ್ ಮಾಡುವುದರಿಂದ, ಶುರುವಾಗುತ್ತಿತ್ತು. ಎಲ್ಲ ಹೆಸರು ಆರಿಸು, ಗೋದಾಮು ತೆಗೆ, ಉಳಿಸು. ಮತ್ತೆ ತುಂಬು, ಮತ್ತೆ ಗುಡಿಸು. ಸಂಪರ್ಕ ಮೊದಲೇ ಕತ್ತರಿಸಿದ್ದರಿಂದ ಏನೂ ಕೆಡುತ್ತಿರಲಿಲ್ಲ. ಬಾಯಿ ಒಂದು ಪಾಠ ಹೇಳುತ್ತಿತ್ತು, ಬೆರಳು ಇನ್ನೊಂದು ಕಲಿಯುತ್ತಿತ್ತು.

ಕೊಂಡವರ ಕಡೆಯ ಮನುಷ್ಯ ಮಧ್ಯಾಹ್ನ ಊಟದ ಹೊತ್ತಿಗೆ ಬರಬೇಕಿತ್ತು. ಅವನು ಪಕ್ಕದಲ್ಲಿ ಕೂತಿರುವಾಗಲೇ ಸಂಪರ್ಕ ಕತ್ತರಿಸಬೇಕೆಂದು ಒಪ್ಪಂದ. ಅವನು ಬರಲಿಲ್ಲ. ತಂಗಿ ಕಿಟಕಿಯ ಪರದೆ ಎಳೆದಳು, ಬಿಟ್ಟಳು. ಮೇಜಿನ ಮೇಲಿನ ಪೆನ್ನುಗಳನ್ನು ಉದ್ದದ ಪ್ರಕಾರ ಜೋಡಿಸಿದಳು. ಡಬ್ಬಿ ತೆರೆದು ಎರಡು ತುತ್ತು ತಿಂದು ಮುಚ್ಚಿದಳು. ಮ್ಯಾನೇಜರು ಗಾಜಿನ ಬಾಗಿಲಿಂದ ಇಣುಕಿದರು.

"ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡಿದ್ದಾರಂತಮ್ಮ. ಅವರು ಬರೋವರೆಗೆ ಏನೂ ಮುಟ್ಟಬೇಡಿ."

"ಇಲ್ಲ ಸರ್."

ಮುಟ್ಟದೆ ಕೂರುವುದು ಅವಳಿಗೆ ಮುಳ್ಳಿನ ಮೇಲೆ ಕೂತ ಹಾಗಿತ್ತು. ಕಂಪ್ಯೂಟರಿನಲ್ಲಿ ಕೇಂದ್ರದ ಪರದೆ ತೆರೆದಿತ್ತು. ಗೋದಾಮಿನ ಹೆಸರುಗಳು ಸಾಲಾಗಿ ನಿಂತಿದ್ದವು. ಬರೀ ನೋಡೋಣ ಅಂದುಕೊಂಡಳು. ಬೆರಳು ವಾರದ ರೂಢಿಯಲ್ಲಿ ಓಡಿತು. ಎಲ್ಲ ಹೆಸರು ಆರಿಸು, ಗೋದಾಮು ತೆಗೆ, ಉಳಿಸು.

ಉಳಿಸಿದ ಮೇಲೆ ಪರದೆಯ ಮೇಲ್ಭಾಗ ಓದಿದಳು. ಅದು ನಕಲು ಆಗಿರಲಿಲ್ಲ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಫೋನ್ ಬಂತು. ಅಕ್ಕ.

"ಏನೇ ಇದು, ನನ್ನನ್ನ ಹೊರಗೆ ಹಾಕ್ಬಿಟ್ಟಿದೆ. ಪಾಸ್ವರ್ಡ್ ತಪ್ಪು ಅಂತಾನೂ ಹೇಳ್ತಿಲ್ಲ. ಇಂಥವರು ಯಾರೂ ಇಲ್ಲ ಅಂತಿದೆ."

"ಬೇರೆಯವರದು?"

"ಎಲ್ಲರದೂ ಅಷ್ಟೇ. ಇಲ್ಲಿ ಸಂತೆ ಆಗೋಗಿದೆ. ಲಾರಿಯವರು ಹಾರ್ನ್ ಹೊಡೀತಿದ್ದಾರೆ. ಕತ್ತರಿಸಿದ್ಯಾ?"

"ಇಲ್ಲ."

"ಮತ್ತೆ?"

"ಗುಡಿಸಿದೆ."

ಇಷ್ಟು ವರ್ಷ ತಂಗಿಯ ಬಾಯಲ್ಲಿ ಮೇಷ್ಟ್ರ ಗಾದೆ ಕೇಳಿ ಕೇಳಿ ಅಕ್ಕನಿಗೂ ಅದರ ಅರ್ಥ ಗೊತ್ತಿತ್ತು. ಅವಳು ಬಯ್ಯಲಿಲ್ಲ. "ಸರಿ, ಇಡು. ಮೊದಲು ವಾಪಸ್ ಹಾಕು," ಅಂದಳು.

ಕೊಂಡವರ ಕಡೆಯ ಮನುಷ್ಯ ಬಂದದ್ದು ಆಗಲೇ. ತೆಳ್ಳಗಿನವನು, ಸಭ್ಯ. ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿ, ತಂಗಿ ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿದ. ಮ್ಯಾನೇಜರು ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಂಡರು.

"ನಿನ್ನೆ ರಾತ್ರಿಯ ಬ್ಯಾಕಪ್ ಹಾಕಿಬಿಡೋಣ ಸರ್," ಅಂದಳು ತಂಗಿ.

"ಬೇಡ," ಅಂದ ಅವನು. "ಬೆಳಿಗ್ಗೆ ಗೋದಾಮಿನಲ್ಲಿ ಎರಡೂ ಕಡೆಯವರು ನಿಂತು ಸರಕು ಲೆಕ್ಕ ಮಾಡಿ ಕಂಪ್ಯೂಟರಿಗೆ ಏರಿಸಿದ್ದೀವಿ. ಬ್ಯಾಕಪ್ ಹಾಕಿದ್ರೆ ಅದೆಲ್ಲ ಹೋಗುತ್ತೆ. ಖಾತೆಗಳನ್ನ ಹೊಸದಾಗಿ ಮಾಡಿ. ಪರ್ಮಿಷನ್ ಒಂದೊಂದಕ್ಕೂ ಒಪ್ಪಿಗೆ ಪತ್ರ ತೋರಿಸಿ. ನಾನು ನೋಡ್ತಾ ಹೋಗ್ತೀನಿ."

ತಂಗಿ ಕೀಬೋರ್ಡನ್ನು ಹತ್ತಿರ ಎಳೆದುಕೊಂಡಳು. ಕತ್ತರಿ ಮೊದಲು ಬಿದ್ದಿದ್ದರೆ ಯಾರೂ ಯಾವ ಪತ್ರವನ್ನೂ ಕೇಳುತ್ತಿರಲಿಲ್ಲ. ಇದ್ದದ್ದು ಇದ್ದ ಹಾಗೆ ಆ ಕಡೆಗೆ ಹೋಗಿರುತ್ತಿತ್ತು.

ಕೆಲಸ ಬೇಗ ಬೇಗ ಸಾಗಿತು. ಹೆಸರು, ವಿಭಾಗ, ಪತ್ರ, ಟಿಕ್. ಅವಳ ಕಾಲು ಮೇಜಿನ ಕೆಳಗೆ ಹೊಲಿಗೆ ಯಂತ್ರ ತುಳಿದ ಹಾಗೆ ಅಲ್ಲಾಡುತ್ತಿತ್ತು. ಅಕ್ಕನ ಹೆಸರು ಬಂತು. ಸಾಮಾನ್ಯ ಪರ್ಮಿಷನ್‌ಗಳೆಲ್ಲ ಸೇರಿದವು. ಕೊನೆಯ ಚೌಕದ ಮೇಲೆ ಮೌಸ್ ನಿಂತಿತು. ತಡೆ ತೆಗೆಯುವುದು.

"ಇದಕ್ಕೆ ಪತ್ರ?"

"ಮಧ್ಯಾಹ್ನದವರೆಗೂ ಇತ್ತು ಸರ್, ಈ ಪರ್ಮಿಷನ್."

"ಪತ್ರ?"

ಅವಳು ಹಳೆಯ ಬದಲಾವಣೆಗಳ ದಾಖಲೆ ತೆರೆದು ತೋರಿಸಿದಳು. ಅದರಿಂದ ಇನ್ನೂ ಕೆಟ್ಟಿತು. ಕೊಟ್ಟವರ ಜಾಗದಲ್ಲಿ ಮೇಷ್ಟ್ರ ಹೆಸರಿತ್ತು. ಒಪ್ಪಿದವರ ಜಾಗ ಖಾಲಿ.

"ಸರ್, ನೀವೊಂದು ಸಹಿ ಹಾಕಿ," ಎಂದು ಮ್ಯಾನೇಜರ ಕಡೆ ತಿರುಗಿದಳು. "ಇಷ್ಟು ವರ್ಷ ಅವಳೇ ತೆಗೆದಿದ್ದಾಳೆ. ನಿಮಗೂ ಗೊತ್ತು."

"ಗೊತ್ತು ಅಂತ ಈಗ ಹೆಂಗಮ್ಮ ಹೇಳ್ಲಿ? ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ ಅಂತಾರೆ." ಅವರು ತಗ್ಗಿದ ದನಿಯಲ್ಲಿ ಸೇರಿಸಿದರು: "ಅದೂ ನಿಮ್ಮ ಸ್ವಂತ ಅಕ್ಕ."

ಕೊಂಡವರ ಕಡೆಯ ಮನುಷ್ಯ ತಲೆಯೆತ್ತಿ ತಂಗಿಯನ್ನು ಮೊದಲ ಸಲ ಸರಿಯಾಗಿ ನೋಡಿದ. "ಅಕ್ಕನಾ?" ಅಂದ. ಅವಳು ಮೌಸಿನಿಂದ ಕೈ ತೆಗೆದಳು. ಅವನೇ ಕೈ ಚಾಚಿ ಮುಂದಿನ ಹೆಸರಿಗೆ ಹೋದ.

ಕಚೇರಿ ಮುಚ್ಚುವ ಮೊದಲು ಎಲ್ಲ ಮುಗಿಯಿತು. ಗೋದಾಮಿನಲ್ಲಿ ಎಲ್ಲರೂ ಒಳಗೆ ಹೋಗುತ್ತಿದ್ದಾರೆಂದು ಖಚಿತವಾದ ಮೇಲೆ ಅವನ ಎದುರಿಗೆ ತಂಗಿ ಸಂಪರ್ಕ ಕತ್ತರಿಸಿದಳು. ಒಂದೇ ಗುಂಡಿ. ಇನ್ನು ಅವಳ ಕೈ ಆ ಕಡೆಗೆ ಎಟುಕುವಂತಿರಲಿಲ್ಲ.

ದಾರಿಯಲ್ಲಿ ಮೇಷ್ಟ್ರಿಗೆ ಫೋನ್ ಮಾಡಿದಳು. ಅವರು ಪೂರ್ತಿ ಕೇಳಿ, "ಅಯ್ಯೋ, ಅವತ್ತೇ ಒಂದು ಪತ್ರ ಮಾಡಿಸಿ ಇಡಬೇಕಿತ್ತು ನೋಡು," ಅಂದರು. ಅವರ ಹತ್ತಿರವೂ ಬೇರೆ ಪಾಠ ಇರಲಿಲ್ಲ.

ಅವಳು ಮನೆಗೆ ಬಂದಾಗ ಅಕ್ಕ ಸಮವಸ್ತ್ರದಲ್ಲೇ ಕುರ್ಚಿಯಲ್ಲಿ ಕೂತಿದ್ದಳು. ಗುರುತಿನ ಚೀಟಿ ಇನ್ನೂ ಕೊರಳಲ್ಲಿತ್ತು.

"ಎಲ್ಲರದೂ ಬಂತು."

"ಹೂಂ."

"ಸೋಮವಾರದಿಂದ ಪ್ಯಾಕಿಂಗ್ ಅಂದ್ರು. ಕೈಗೆ ಗ್ಲೌಸ್ ಅವರೇ ಕೊಡ್ತಾರಂತೆ. ದೊಡ್ಡ ಮನಸ್ಸು."

"ಅಕ್ಕ, ನಾನು ಸೋಮವಾರ ಹೋಗಿ ಅವರ ಹತ್ರ ಮಾತಾಡ್ತೀನಿ. ನಿನ್ನ ಕೆಲಸ ಕಣ್ಣಾರೆ ನೋಡಿರೋ ಲಾರಿಯವರಿದ್ದಾರೆ, ಆಸ್ಪತ್ರೆಯವರಿದ್ದಾರೆ..."

"ಬೇಡ. ಇನ್ನು ಏನೂ ಮುಟ್ಟಬೇಡ ನೀನು. ಮಾಡಿದ್ದು ಸಾಕು."

ತಂಗಿ ಬಾಗಿಲಿನಿಂದ ಕಿಟಕಿಗೆ ಹೋದಳು, ಕಿಟಕಿಯಿಂದ ಒಲೆಗೆ. ಪಾತ್ರೆ ಎತ್ತಿದಳು, ಇಟ್ಟಳು. ಕೂತ್ಕೋ ಅಂತ ಅಕ್ಕ ಹೇಳಲಿಲ್ಲ. ನಿನ್ನ ಓದಿಗಾಗಿ ನನ್ನ ಓದು ಬಿಟ್ಟೆ ಅನ್ನುವ ಮಾತನ್ನೂ ಎತ್ತಲಿಲ್ಲ. ಆವತ್ತು ಎತ್ತಿದ್ದರೆ ತಂಗಿ ಎಲ್ಲಾದರೂ ಒಂದು ಕಡೆ ಕೂರುತ್ತಿದ್ದಳೇನೋ.

ಅಳಿಸಿ ಹೋದ ಖಾತೆ ಇನ್ನೂರ ಆರು. ವಾಪಸು ಬಂದದ್ದು ಇನ್ನೂರ ಆರು. ಬಾರದೆ ಹೋದ ಪರ್ಮಿಷನ್ ಒಂದು.